ಮೆದುಳಿನ ರಕ್ತದ ಹರಿವಿನ ಎಂಆರ್‌ಐ ಸ್ಕ್ಯಾನ್‌ಗಳಿಗೆ ತಂತ್ರಾಂಶ: ಯಾವುದು ಯಾರಿಗೆ ಹೊಂದುತ್ತದೆ

ಮೆದುಳಿಗೆ ಹರಿಯುವ ರಕ್ತವನ್ನು ಅಳೆಯಲೆಂದು ತೆಗೆದ ಒಂದೇ ಎಂಆರ್‌ಐ ಸ್ಕ್ಯಾನನ್ನು ಎರಡು ತಂತ್ರಾಂಶಗಳಿಗೆ ಕೊಟ್ಟು ನೋಡಿದರೆ ಎರಡು ಬೇರೆ ಬೇರೆ ಸಂಖ್ಯೆಗಳು ಬರುವುದು ಈ ಕ್ಷೇತ್ರದಲ್ಲಿ ಹೊಸ ಸಂಗತಿಯಲ್ಲ. ಹೊಸದಾಗಿ ಕೆಲಸ ಆರಂಭಿಸಿದವರು ಇದನ್ನು ಕಂಡು ಒಂದರ ಗಣಿತ ಸರಿ, ಇನ್ನೊಂದರದು ತಪ್ಪು ಎಂದುಕೊಳ್ಳುವುದುಂಟು. ಆದರೆ ಎಷ್ಟೋ ಸಲ ಎರಡರಲ್ಲೂ ಇರುವುದು ಒಂದೇ ಸೂತ್ರ. ಸ್ಕ್ಯಾನನ್ನು ಹೇಗೆ ತೆಗೆಯಲಾಗಿದೆ ಎಂಬುದರ ಬಗ್ಗೆ ಅವೆರಡು ಮಾಡಿಕೊಂಡ ಊಹೆಗಳು ಮಾತ್ರ ಬೇರೆ. ಆದ್ದರಿಂದ ಈ ಹೋಲಿಕೆಯಲ್ಲಿ ವೇಗಕ್ಕಿಂತ, ಪರದೆಯ ಅಂದಕ್ಕಿಂತ ನಾನು ಹೆಚ್ಚು ತೂಕ ಕೊಟ್ಟಿರುವುದು ಒಂದು ಪ್ರಶ್ನೆಗೆ: ತನಗೆ ತಿಳಿಯದ ವಿವರ ಎದುರಾದಾಗ ತಂತ್ರಾಂಶವು ನಿಂತು ನಮ್ಮನ್ನು ಕೇಳುತ್ತದೆಯೇ, ಅಥವಾ ತಾನೇ ಒಂದು ಸಂಖ್ಯೆಯನ್ನು ಹಾಕಿಕೊಂಡು ಮುಂದೆ ಸಾಗುತ್ತದೆಯೇ?

ಈ ಅಳತೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟು, ಅದು ಮೆದುಳಿನ ಮೂಲಕ ಹಾದುಹೋಗುವುದನ್ನು ಒಂದು ಒಂದೂವರೆ ಸೆಕೆಂಡಿಗೊಂದು ಚಿತ್ರದಂತೆ ಸೆರೆಹಿಡಿಯುತ್ತಾರೆ. ಇದಕ್ಕೆ ಡಿಎಸ್‌ಸಿ ಎಂದು ಹೆಸರು. ಇನ್ನೊಂದರಲ್ಲಿ ಇಂಜೆಕ್ಷನ್ನೇ ಇಲ್ಲ. ಕುತ್ತಿಗೆಯ ಬಳಿ ಹರಿಯುವ ರಕ್ತದ ನೀರನ್ನು ರೇಡಿಯೋ ತರಂಗಗಳಿಂದ ಗುರುತು ಮಾಡಿ, ಅದು ಮೆದುಳನ್ನು ತಲುಪಲು ಒಂದೆರಡು ಸೆಕೆಂಡ್ ಕಾದು ಚಿತ್ರ ತೆಗೆಯುತ್ತಾರೆ, ಬಳಿಕ ಗುರುತು ಮಾಡದೆ ತೆಗೆದ ಇನ್ನೊಂದು ಚಿತ್ರದಿಂದ ಅದನ್ನು ಕಳೆಯುತ್ತಾರೆ. ಎಎಸ್‌ಎಲ್ ಎಂದು ಕರೆಯುವ ಈ ವಿಧಾನವನ್ನು 1992ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಸಂಶೋಧಕರು ಪ್ರಕಟಿಸಿದರು. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಶೇ. 1ರಷ್ಟೂ ಇರುವುದಿಲ್ಲವಾದ್ದರಿಂದ ಹತ್ತಾರು ಜೋಡಿ ಚಿತ್ರಗಳನ್ನು ತೆಗೆದು ಸರಾಸರಿ ಮಾಡಬೇಕಾಗುತ್ತದೆ, ಮತ್ತು ತಂತ್ರಾಂಶದ ಪಾತ್ರ ದೊಡ್ಡದಾಗುವುದು ಇದೇ ಕಾರಣಕ್ಕೆ. ಈ ಲೇಖನದ ಬಹುಭಾಗ ಎಎಸ್‌ಎಲ್ ಕುರಿತದ್ದು. ಡಿಎಸ್‌ಸಿಯ ಆಯ್ಕೆಗಳು ಬೇರೆಯೇ ಆದ್ದರಿಂದ ಅವನ್ನು ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇನೆ.

ತಂತ್ರಾಂಶಕ್ಕಿಂತ ಮೊದಲು ಸ್ಕ್ಯಾನರ್ ಕೊಟ್ಟ ಕಡತ

ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ಸ್ಕ್ಯಾನರ್ ಏನನ್ನು ಉಳಿಸಿಕೊಡುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ. ಸೀಮೆನ್ಸ್ ಮತ್ತು ಫಿಲಿಪ್ಸ್ ಯಂತ್ರಗಳಿಂದ ಸಾಮಾನ್ಯವಾಗಿ ಗುರುತು ಮಾಡಿದ ಮತ್ತು ಮಾಡದ ಚಿತ್ರಗಳು ಜೋಡಿ ಜೋಡಿಯಾಗಿಯೇ ಸಿಗುತ್ತವೆ. ಜಿಇ ಕಂಪನಿಯ ಮೂರು ಆಯಾಮದ ಎಎಸ್‌ಎಲ್‌ನಲ್ಲಿ ಕಳೆಯುವ ಕೆಲಸ ಯಂತ್ರದಲ್ಲೇ ಮುಗಿದು, ಸರಾಸರಿಯಾದ ಒಂದು ವ್ಯತ್ಯಾಸದ ಚಿತ್ರವೂ ಎಂ-ಸೊನ್ನೆ ಎಂಬ ಒಂದು ಆಧಾರ ಚಿತ್ರವೂ ಕೈಗೆ ಬರುತ್ತವೆ. ಹೀಗೆ ಬಂದ ದತ್ತಾಂಶದಲ್ಲಿ ರೋಗಿ ತಲೆ ಅಲುಗಿಸಿದ್ದನ್ನು ಸರಿಪಡಿಸುವ ಅವಕಾಶವೇ ಇಲ್ಲ. ಚಲನೆಯನ್ನು ಅತ್ಯುತ್ತಮವಾಗಿ ಸರಿಪಡಿಸುತ್ತದೆ ಎಂದು ಒಂದು ತಂತ್ರಾಂಶವನ್ನು ಆರಿಸಿಕೊಂಡರೂ ಅದಕ್ಕೆ ಮಾಡಲು ಕೆಲಸವಿರುವುದಿಲ್ಲ. ಜೊತೆಗೆ ಜಿಇ ವ್ಯತ್ಯಾಸದ ಚಿತ್ರವನ್ನು 32ರಿಂದ ಗುಣಿಸಿ ಉಳಿಸುತ್ತದೆ, ಫಿಲಿಪ್ಸ್ ತನ್ನದೇ ಗುಣಕವನ್ನು ಡೈಕಾಮ್ (ಸ್ಕ್ಯಾನರ್‌ಗಳು ಚಿತ್ರಗಳನ್ನು ಉಳಿಸುವ ರೂಪ) ಕಡತದ ಖಾಸಗಿ ಸಾಲುಗಳಲ್ಲಿ ಬರೆದಿಡುತ್ತದೆ. ಇವನ್ನು ಗಮನಿಸದ ತಂತ್ರಾಂಶ ಕೊಡುವ ಫಲಿತಾಂಶ ಒಮ್ಮೊಮ್ಮೆ ಹತ್ತಾರು ಪಟ್ಟು ತಪ್ಪಿರುತ್ತದೆ. ಅಷ್ಟು ದೊಡ್ಡ ತಪ್ಪಾದರೆ ಕಣ್ಣಿಗೆ ಬೀಳುತ್ತದೆ ಎಂಬುದೇ ಸಮಾಧಾನ.

ಸ್ಕ್ಯಾನ್ ಮಾಡುವ ತಂತ್ರಜ್ಞರಿಂದ ಬರೆಸಿಕೊಳ್ಳಬೇಕಾದ ವಿವರಗಳು ಹೆಚ್ಚೇನಿಲ್ಲ: ಗುರುತು ಮಾಡುವ ವಿಧಾನ ಯಾವುದು, ಎಷ್ಟು ಹೊತ್ತು ಗುರುತು ಮಾಡಲಾಯಿತು, ಆ ಮೇಲೆ ಎಷ್ಟು ಹೊತ್ತು ಕಾಯಲಾಯಿತು, ಹಿನ್ನೆಲೆಯ ಸಂಕೇತವನ್ನು ತಗ್ಗಿಸಲು ಎಷ್ಟು ಪಲ್ಸ್ (ರೇಡಿಯೋ ತರಂಗದ ಕಿರು ಹೊಡೆತ) ಬಳಸಲಾಯಿತು, ಎಂ-ಸೊನ್ನೆ ಚಿತ್ರವನ್ನು ಬೇರೆಯಾಗಿ ತೆಗೆದಿದ್ದಾರೆಯೇ, ಜೋಡಿಯಲ್ಲಿ ಯಾವ ಚಿತ್ರ ಮೊದಲು. ಕಾಯುವ ಸಮಯಕ್ಕೆ ಎಲ್ಲರೂ ಪಿಎಲ್‌ಡಿ ಎನ್ನುತ್ತಾರೆ. 2015ರ ಅಂತಾರಾಷ್ಟ್ರೀಯ ಒಮ್ಮತದ ಶಿಫಾರಸು ಆರೋಗ್ಯವಂತ ವಯಸ್ಕರಿಗೆ 1.8 ಸೆಕೆಂಡ್ ಗುರುತು ಮಾಡಿ 1.8 ಸೆಕೆಂಡ್ ಕಾಯಲು ಹೇಳುತ್ತದೆ. 70 ದಾಟಿದವರಿಗೂ ರೋಗಿಗಳಿಗೂ ಕಾಯುವ ಸಮಯ 2 ಸೆಕೆಂಡ್, ಮಕ್ಕಳಿಗೆ 1.5 ಸೆಕೆಂಡ್. ನಿಮ್ಮ ಕೇಂದ್ರದಲ್ಲಿ ಇದನ್ನೇ ಅನುಸರಿಸಿದ್ದಾರೆ ಎಂದು ಊಹಿಸಬೇಡಿ, ಯಂತ್ರದ ಪರದೆಯ ಚಿತ್ರವನ್ನೇ ತೆಗೆದಿಟ್ಟುಕೊಳ್ಳಿ.

ಈ ವಿವರಗಳು ಎಷ್ಟು ತೂಗುತ್ತವೆ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಬಹುದು. 3 ಟೆಸ್ಲಾ ಯಂತ್ರದಲ್ಲಿ ವ್ಯತ್ಯಾಸದ ಚಿತ್ರ ಎಂ-ಸೊನ್ನೆಯ ಶೇ. 0.7ರಷ್ಟಿದೆ ಎಂದುಕೊಳ್ಳೋಣ. ಶಿಫಾರಸಿನ ಸೂತ್ರದಲ್ಲಿ ರಕ್ತದ ಟಿ1 ಅವಧಿ (ಗುರುತು ಎಷ್ಟು ಬೇಗ ಮಾಸುತ್ತದೆ ಎಂಬುದರ ಅಳತೆ) 1.65 ಸೆಕೆಂಡ್, ಗುರುತಿನ ದಕ್ಷತೆ (ಗುರುತು ಎಷ್ಟರಮಟ್ಟಿಗೆ ಪೂರ್ಣವಾಗಿ ಬೀಳುತ್ತದೆ ಎಂಬುದು) 0.85, ಗುರುತಿನ ಅವಧಿ ಮತ್ತು ಪಿಎಲ್‌ಡಿ ತಲಾ 1.8 ಸೆಕೆಂಡ್ ಎಂದು ಹಾಕಿದರೆ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 60 ಮಿಲಿಲೀಟರ್ ಹರಿವು ಎಂದು ಬರುತ್ತದೆ. ಮೆದುಳಿನ ಬೂದು ಭಾಗಕ್ಕೆ ಇದು ಸಹಜ ಸಂಖ್ಯೆ. ಪಿಎಲ್‌ಡಿಯನ್ನು ತಪ್ಪಾಗಿ 2 ಎಂದು ಹಾಕಿದರೆ ಅದೇ ಸ್ಕ್ಯಾನ್ 68 ಎನ್ನುತ್ತದೆ. ಬೇರೊಂದು ಗುರುತಿನ ವಿಧಾನಕ್ಕೆ ಸೇರಿದ 0.98ರ ದಕ್ಷತೆಯನ್ನು ಹಾಕಿದರೆ 52ಕ್ಕೆ ಇಳಿಯುತ್ತದೆ. ಯಂತ್ರ 1.5 ಟೆಸ್ಲಾ ಎಂದು ತಂತ್ರಾಂಶ ತಿಳಿದುಕೊಂಡು ಟಿ1 ಅವಧಿಯನ್ನು 1.35 ಎಂದು ಹಿಡಿದರೆ ಸುಮಾರು 85 ಆಗುತ್ತದೆ. ಈ ನಾಲ್ಕೂ ಸಂಖ್ಯೆಗಳು 40ರಿಂದ 100ರೊಳಗಿನ ಸಹಜ ವ್ಯಾಪ್ತಿಯಲ್ಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 32 ಪಟ್ಟಿನ ತಪ್ಪಿಗಿಂತ ನಾನು ಇಂಥವಕ್ಕೆ ಹೆಚ್ಚು ಹೆದರುತ್ತೇನೆ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತನ್ನು ಇಲ್ಲೇ ಸೇರಿಸಬೇಕು. 1.65 ಎಂಬ ಟಿ1 ಅವಧಿ ಸಾಮಾನ್ಯ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಇರುವವರ ರಕ್ತದ್ದು. ರಕ್ತಹೀನತೆಯಲ್ಲಿ ಹಿಮಟೋಕ್ರಿಟ್ ಇಳಿದಾಗ ಈ ಅವಧಿ ಉದ್ದವಾಗುತ್ತದೆ, ಹಿಮಟೋಕ್ರಿಟ್ ಶೇ. 30ರ ಹತ್ತಿರ ಇರುವವರಲ್ಲಿ ಅದು 1.85 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ, ಆಗ ಮೇಲಿನ 60 ನಿಜವಾಗಿ 51 ಆಗಿರಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಹಾಗಿರುವಾಗ ಗಂಡು ಹೆಣ್ಣುಗಳ ನಡುವಿನ ಹರಿವಿನ ವ್ಯತ್ಯಾಸವನ್ನು ಅಧ್ಯಯನ ಮಾಡುವವರು ಒಬ್ಬೊಬ್ಬರಿಗೂ ಬೇರೆ ಟಿ1 ಅವಧಿಯನ್ನು ಕೊಡಲು ಬಿಡುವ ತಂತ್ರಾಂಶವನ್ನೇ ಆರಿಸಬೇಕು, ಮತ್ತು ಸ್ಕ್ಯಾನಿನ ದಿನವೇ ರಕ್ತಪರೀಕ್ಷೆಯನ್ನೂ ಮಾಡಿಸಿಡಬೇಕು.

ಎಫ್‌ಎಸ್‌ಎಲ್ ಮತ್ತು ಅದರೊಳಗಿನ ಬೇಸಿಲ್

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಫ್‌ಎಸ್‌ಎಲ್‌ನ ಭಾಗವಾದ ಬೇಸಿಲ್ ಮತ್ತು ಅದನ್ನು ನಡೆಸುವ ಆಕ್ಸ್‌ಫರ್ಡ್ ಎಎಸ್‌ಎಲ್ ಎಂಬ ಕಮಾಂಡ್ ಈ ಪಟ್ಟಿಯಲ್ಲಿ ಅತ್ಯಂತ ಸಮರ್ಥವಾದವು ಎಂಬುದು ನನ್ನ ಅಭಿಪ್ರಾಯ. ಬರಿಯ ಕಳೆಯುವ ಗುಣಿಸುವ ಲೆಕ್ಕವಲ್ಲದೆ, ಬೇಯ್ಸ್ ವಿಧಾನದಿಂದ ಹರಿವನ್ನೂ ರಕ್ತ ಬಂದು ತಲುಪುವ ಸಮಯವನ್ನೂ ಒಟ್ಟಿಗೆ ಅಂದಾಜು ಮಾಡುವುದು ಇದರ ಶಕ್ತಿ. ಒಂದೇ ಪಿಎಲ್‌ಡಿಯಲ್ಲಿ ತೆಗೆದ ಸ್ಕ್ಯಾನಿಗೆ ಇದರಿಂದ ದೊಡ್ಡ ಲಾಭವಿಲ್ಲ. ಆದರೆ ಕುತ್ತಿಗೆಯ ರಕ್ತನಾಳ ಕಿರಿದಾದವರಲ್ಲಿ, ಪಾರ್ಶ್ವವಾಯು ಆದವರಲ್ಲಿ, ವಯಸ್ಸಾದವರಲ್ಲಿ ರಕ್ತ ತಡವಾಗಿ ಬರುತ್ತದೆ. ಒಂದೇ ಪಿಎಲ್‌ಡಿಯಲ್ಲಿ ತೆಗೆದರೆ ಇನ್ನೂ ಬಂದು ಸೇರದ ರಕ್ತವನ್ನು ಇಲ್ಲದ ರಕ್ತವೆಂದು ಲೆಕ್ಕ ಹಾಕಿದಂತಾಗುತ್ತದೆ. ಅಂಥವರಿಗೆಂದು ಹಲವು ಪಿಎಲ್‌ಡಿಗಳಲ್ಲಿ ಸ್ಕ್ಯಾನ್ ಮಾಡಿದ್ದರೆ ಬೇರೇನನ್ನೂ ಹುಡುಕದೆ ಬೇಸಿಲ್‌ನಿಂದಲೇ ಆರಂಭಿಸಬಹುದು.

ಇದರ ಇನ್ನೊಂದು ಉಪಯುಕ್ತ ಅಂಶ ಭಾಗಶಃ ಪರಿಮಾಣದ ತಿದ್ದುಪಡಿ. ಎಎಸ್‌ಎಲ್ ಚಿತ್ರದ ಒಂದೊಂದು ಘನ 3ರಿಂದ 4 ಮಿಲಿಮೀಟರ್ ಅಗಲವಿರುತ್ತದೆ, ಮೆದುಳಿನ ಹೊರಪದರದ ದಪ್ಪ ಅದಕ್ಕಿಂತ ಕಡಿಮೆ. ಹಾಗಾಗಿ ಪ್ರತಿ ಘನದಲ್ಲೂ ಬೂದು, ಬಿಳಿ ಮತ್ತು ಮೆದುಳಿನ ದ್ರವ ಬೆರೆತಿರುತ್ತವೆ, ಮತ್ತು ಹೊರಪದರ ತೆಳುವಾದ ವೃದ್ಧರಲ್ಲಿ ಹರಿವು ಕಡಿಮೆಯಾಗಿರುವಂತೆ ಕಾಣುವುದರಲ್ಲಿ ಎಷ್ಟು ನಿಜವಾದ ಇಳಿಕೆ, ಎಷ್ಟು ಬೆರಕೆಯ ಪರಿಣಾಮ ಎಂದು ಹೇಳಲಾಗುವುದಿಲ್ಲ. ಮರೆವಿನ ಕಾಯಿಲೆಗಳ ಮೇಲೆ ಕೆಲಸ ಮಾಡುವವರು ಈ ತಿದ್ದುಪಡಿಯೊಂದಿಗೂ ಅದಿಲ್ಲದೆಯೂ ಬಂದ ಫಲಿತಾಂಶಗಳೆರಡನ್ನೂ ವರದಿ ಮಾಡುವುದು ಒಳ್ಳೆಯದು.

ಆದರೆ ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಯಲ್ಲಿ ಎಫ್‌ಎಸ್‌ಎಲ್ ಪೂರ್ಣ ಅಂಕ ಪಡೆಯುವುದಿಲ್ಲ. ಅದು ನೀವು ಹೇಳಿದ್ದನ್ನು ನಂಬುತ್ತದೆ. ಇಲ್ಲಿ ಕೊಡಬೇಕಾದ ಟಿಐ ಎಂಬ ಸಮಯ ಪಿಎಲ್‌ಡಿ ಅಲ್ಲ, ಗುರುತಿನ ಅವಧಿ ಮತ್ತು ಪಿಎಲ್‌ಡಿಗಳ ಮೊತ್ತ. ಅಂದರೆ ಮೇಲಿನ ಉದಾಹರಣೆಯಲ್ಲಿ 3.6 ಸೆಕೆಂಡ್. ಅಲ್ಲಿ 1.8 ಎಂದು ಬರೆದರೆ ಕಾಯುವ ಸಮಯ ಸೊನ್ನೆ ಎಂದು ಹೇಳಿದಂತಾಗಿ, ಸರಳ ಸೂತ್ರದ ಪ್ರಕಾರ 60ರ ಬದಲು 20 ಬರುತ್ತದೆ, ಮತ್ತು ಅದು ತಪ್ಪೆಂದು ತಂತ್ರಾಂಶಕ್ಕೆ ತಿಳಿಯುವ ದಾರಿಯಿಲ್ಲ. ಜೋಡಿಯ ಕ್ರಮವನ್ನು ತಿರುಗಿಸಿ ಹೇಳಿದರಂತೂ ಇಡೀ ಮೆದುಳಿನ ಹರಿವು ಋಣ ಸಂಖ್ಯೆಯಾಗಿ ಬರುತ್ತದೆ, ಅದನ್ನು ನೋಡಿದ ಕೂಡಲೇ ತಿದ್ದಬಹುದು. ಹೊಸ ಆವೃತ್ತಿಗಳಲ್ಲಿ ಪಿಎಲ್‌ಡಿಯನ್ನು ನೇರವಾಗಿ ಕೊಡುವ ಆಯ್ಕೆಯೂ ಇದೆ. ಅದನ್ನೇ ಬಳಸುವುದು ಕ್ಷೇಮ. ರಕ್ತದ ಟಿ1 ಅವಧಿಯನ್ನು ಪ್ರತಿ ವ್ಯಕ್ತಿಗೂ ಬೇರೆಯಾಗಿ ಕೊಡಬಹುದು ಎಂಬುದು ಇದರ ಪರವಾಗಿ ಹೇಳಬೇಕಾದ ಮಾತು.

ಎಫ್‌ಎಸ್‌ಎಲ್ ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ನೇರವಾಗಿ ನಡೆಯುತ್ತದೆ, ವಿಂಡೋಸ್‌ನಲ್ಲಿ ಅದರೊಳಗಿನ ಲಿನಕ್ಸ್ ವ್ಯವಸ್ಥೆಯ ಮೂಲಕ. ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ ಎಂಬ ಷರತ್ತನ್ನು ಓದದೆ ಬಿಡಬಾರದು: ಶುಲ್ಕ ಪಡೆದು ವರದಿ ಕೊಡುವ ಖಾಸಗಿ ಸ್ಕ್ಯಾನಿಂಗ್ ಕೇಂದ್ರ ಇದನ್ನು ಉಚಿತವೆಂದು ಬಳಸುವಂತಿಲ್ಲ.

ಎಎಸ್‌ಎಲ್‌ಪ್ರೆಪ್

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಸಿದ್ಧಪಡಿಸಿ 2022ರಲ್ಲಿ ಪ್ರಕಟಿಸಿದ ಎಎಸ್‌ಎಲ್‌ಪ್ರೆಪ್ ಹೊಸದಾಗಿ ತನ್ನದೇ ಗಣಿತವನ್ನು ಕಟ್ಟಲು ಹೋಗುವುದಿಲ್ಲ. ಬೇಸಿಲ್ ಸೇರಿದಂತೆ ಬೇರೆಡೆ ಇರುವ ಉತ್ತಮ ಭಾಗಗಳನ್ನು ಒಂದು ಸಾಲಿನಲ್ಲಿ ಜೋಡಿಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಆಜ್ಞೆಯಲ್ಲಿ ನಡೆಸುತ್ತದೆ. ಸರಳ ಸೂತ್ರದಿಂದ ಬಂದ ಹರಿವು, ಬೇಸಿಲ್‌ನಿಂದ ಬಂದದ್ದು, ಕೆಟ್ಟ ಜೋಡಿಗಳನ್ನು ತೆಗೆದುಹಾಕಿದ ಮೇಲೆ ಬಂದದ್ದು, ಹೀಗೆ ಹಲವು ನಕ್ಷೆಗಳನ್ನು ಇದರಿಂದ ಪಡೆದು ಒಂದನ್ನೊಂದು ಪಕ್ಕದಲ್ಲಿಟ್ಟು ನೋಡಬಹುದು.

ಇದರಲ್ಲಿ ನನಗೆ ಮೆಚ್ಚಿಗೆಯಾಗುವುದು ಅದರ ಹಠ. ಕಡತಗಳೆಲ್ಲ ಬಿಡ್ಸ್ ಎಂಬ, ಮೆದುಳಿನ ಸ್ಕ್ಯಾನ್‌ಗಳನ್ನು ಹೆಸರಿಸಿ ಜೋಡಿಸಿಡುವ ಕ್ರಮದಲ್ಲೇ ಇರಬೇಕು. 2021ರಿಂದ ಆ ಕ್ರಮದಲ್ಲಿ ಎಎಸ್‌ಎಲ್‌ಗೂ ಸ್ಥಾನ ಸಿಕ್ಕಿದೆ. ಪ್ರತಿ ಸ್ಕ್ಯಾನಿನ ಜೊತೆಗಿರುವ ಜೇಸನ್ ಕಡತದಲ್ಲಿ ಗುರುತಿನ ವಿಧಾನ, ಪಿಎಲ್‌ಡಿ, ಎಂ-ಸೊನ್ನೆ ಎಲ್ಲಿದೆ ಎಂಬ ವಿವರಗಳೂ, ಇನ್ನೊಂದು ಸಣ್ಣ ಪಟ್ಟಿಯಲ್ಲಿ ಯಾವ ಚಿತ್ರ ಗುರುತು ಮಾಡಿದ್ದು, ಯಾವುದು ಮಾಡದ್ದು ಎಂಬ ಕ್ರಮವೂ ಬರೆದಿರಬೇಕು. ಇವಿಲ್ಲದಿದ್ದರೆ ಕೆಲಸ ಮುಂದೆ ಸಾಗುವುದಿಲ್ಲ. ಮೊದಮೊದಲು ಇದು ಕಿರಿಕಿರಿ ಎನಿಸುತ್ತದೆ, ಆದರೆ ವಿದ್ಯಾರ್ಥಿಗಳು ಬಂದು ಹೋಗುವ ಪ್ರಯೋಗಾಲಯದಲ್ಲಿ ಎರಡು ವರ್ಷದ ಹಿಂದಿನ ಸ್ಕ್ಯಾನಿನ ಪಿಎಲ್‌ಡಿ ಎಷ್ಟು ಎಂದು ಯಾರನ್ನೂ ಕೇಳಬೇಕಾಗಿಲ್ಲದಿರುವುದು ಈ ಕಿರಿಕಿರಿಯ ಫಲ.

ಪ್ರತಿ ವ್ಯಕ್ತಿಗೂ ಬ್ರೌಸರ್‌ನಲ್ಲಿ ತೆರೆಯುವ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ನಕ್ಷೆಯ ಗುಣಮಟ್ಟಕ್ಕೆ ಸೊನ್ನೆಯಿಂದ ಒಂದರವರೆಗಿನ ಒಂದು ಸೂಚ್ಯಂಕವೂ ಇರುತ್ತದೆ. ತೊಂದರೆಗಳೂ ಇವೆ. ಡಾಕರ್ ಅಥವಾ ಸಿಂಗ್ಯುಲಾರಿಟಿ ಕಂಟೇನರ್‌ಗಳ (ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲದರೊಂದಿಗೆ ಕಟ್ಟಿಕೊಡುವ ಪೊಟ್ಟಣಗಳ) ಪರಿಚಯ ಬೇಕು, ಹಲವು ಗಿಗಾಬೈಟ್ ಡೌನ್‌ಲೋಡ್ ಆಗಬೇಕು, ಫ್ರೀಸರ್ಫರ್ ಎಂಬ ಇನ್ನೊಂದು ಮೆದುಳಿನ ಚಿತ್ರಗಳ ತಂತ್ರಾಂಶದ ಉಚಿತ ಪರವಾನಗಿ ಕಡತವನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಗಡ್ಡೆಯೋ ದೊಡ್ಡ ಪಾರ್ಶ್ವವಾಯುವಿನ ಗಾಯವೋ ಇರುವ ಮೆದುಳಿನಲ್ಲಿ ನಡುವಿನ ಒಂದು ಹಂತವನ್ನು ಕೈಯಿಂದ ತಿದ್ದಿ ಮುಂದುವರಿಸುವುದು ಇಲ್ಲಿ ಸುಲಭವಲ್ಲ.

ಎಕ್ಸ್‌ಪ್ಲೋರ್‌ಎಎಸ್‌ಎಲ್ ಮತ್ತು ಉಳಿದವು

ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಮುಂದಾಳುತನ ವಹಿಸಿ 2020ರಲ್ಲಿ ಪ್ರಕಟಿಸಿದ ಎಕ್ಸ್‌ಪ್ಲೋರ್‌ಎಎಸ್‌ಎಲ್ ಹುಟ್ಟಿದ್ದೇ ಬೇರೆ ಬೇರೆ ಊರುಗಳ, ಬೇರೆ ಬೇರೆ ಕಂಪನಿಗಳ ಸ್ಕ್ಯಾನರ್‌ಗಳಿಂದ ಬಂದ ದತ್ತಾಂಶವನ್ನು ಒಟ್ಟುಗೂಡಿಸಲು. ಮ್ಯಾಟ್‌ಲ್ಯಾಬ್‌ನಲ್ಲಿ ಬರೆದದ್ದು, ಎಸ್‌ಪಿಎಂ ಎಂಬ ಮೆದುಳಿನ ಚಿತ್ರಗಳ ವಿಶ್ಲೇಷಣೆಯ ತಂತ್ರಾಂಶದ ಮೇಲೆ ನಿಂತದ್ದು, ವಿಂಡೋಸ್‌ನಲ್ಲೂ ನಡೆಯುವಂಥದ್ದು. ಕಂಪನಿಗೊಂದರಂತೆ ಇರುವ ಗುಣಕಗಳನ್ನು ಸರಿಹೊಂದಿಸುವ ಕೆಲಸವನ್ನು ಇದು ಜತನದಿಂದ ಮಾಡುತ್ತದೆ, ಗಾಯವಿರುವ ಭಾಗಗಳನ್ನು ಬೇರೆಯಾಗಿ ಗುರುತಿಸಿ ಕೊಡಲು ಬಿಡುತ್ತದೆ, ಕೊನೆಗೆ ಇಡೀ ಗುಂಪಿನ ಕೋಷ್ಟಕಗಳನ್ನೂ ತಯಾರಿಸುತ್ತದೆ. ಒಂದೇ ಪಿಎಲ್‌ಡಿ ಇರುವ ಸ್ಕ್ಯಾನ್‌ನಲ್ಲೂ ರಕ್ತ ತಡವಾಗಿ ಬರುತ್ತಿದೆಯೇ ಎಂದು ಊಹಿಸಲು, ಹರಿವು ಜಾಗದಿಂದ ಜಾಗಕ್ಕೆ ಎಷ್ಟು ಏರುಪೇರಾಗಿದೆ ಎಂಬ ಅಳತೆಯನ್ನು ಕೊಡುವುದು ಇದರ ವಿಶೇಷ. ರಕ್ತ ಇನ್ನೂ ದೊಡ್ಡ ನಾಳಗಳಲ್ಲೇ ಉಳಿದಿದ್ದರೆ ನಕ್ಷೆಯಲ್ಲಿ ಅಲ್ಲಲ್ಲಿ ಹೊಳೆಯುವ ಚುಕ್ಕೆಗಳೂ ಅವುಗಳ ಪಕ್ಕದಲ್ಲೇ ಕಪ್ಪು ಪ್ರದೇಶಗಳೂ ಕಾಣುತ್ತವೆ, ಆ ಅಳತೆ ಏರುತ್ತದೆ. ಹಳೆಯ ದತ್ತಾಂಶದ ಮೇಲೆ ಕೆಲಸ ಮಾಡಬೇಕಾದವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಕಾಲೇಜಿಗೆ ಮ್ಯಾಟ್‌ಲ್ಯಾಬ್ ಪರವಾನಗಿ ಇದ್ದರೆ ಖರ್ಚಿನ ಪ್ರಶ್ನೆಯಿಲ್ಲ. ಇಲ್ಲದಿದ್ದರೆ ಅದೇ ಮೊದಲ ಅಡ್ಡಿ.

ಎಸ್‌ಪಿಎಂಗೆ ಸೇರಿಸಿಕೊಳ್ಳುವ ಎಎಸ್‌ಎಲ್ ಟೂಲ್‌ಬಾಕ್ಸ್ 2008ರಿಂದ ಬಳಕೆಯಲ್ಲಿದ್ದು, ಹಳೆಯ ಅಧ್ಯಯನವನ್ನು ಮರಳಿ ಮಾಡಬೇಕಾದಾಗ ಬೇಕಾಗುತ್ತದೆ. ಪ್ರತಿ ಸಂಖ್ಯೆಯನ್ನೂ ಸ್ಕ್ರಿಪ್ಟ್ ಒಳಗೆ ಕೈಯಿಂದ ತಿದ್ದಬೇಕಾದ್ದರಿಂದ ಹೊಸ ಕೆಲಸಕ್ಕೆ ನಾನು ಸೂಚಿಸುವುದಿಲ್ಲ. ಕ್ವಾಂಟಿಫೈಸ್ ಎಂಬುದು ಬೇಸಿಲ್‌ನಂಥ ಗಣಿತಕ್ಕೆ ಕಿಟಕಿ, ಗುಂಡಿಗಳ ರೂಪ ಕೊಟ್ಟ ತಂತ್ರಾಂಶ. ಎಂಎಸ್ಸಿ ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ನೂರಾರು ಸ್ಕ್ಯಾನ್‌ಗಳಿಗೆ ಹೇಳಿಮಾಡಿಸಿದ್ದಲ್ಲ. ಸ್ಕ್ಯಾನರ್‌ನ ಕನ್ಸೋಲ್ ತಾನೇ ತಯಾರಿಸಿ ಕೊಡುವ ಬಣ್ಣದ ನಕ್ಷೆ ರೇಡಿಯಾಲಜಿಸ್ಟರಿಗೆ ಎಡಬಲಗಳ ವ್ಯತ್ಯಾಸವನ್ನು ಕೂಡಲೇ ನೋಡಲು ಸಾಕು, ಆದರೆ ಒಳಗೆ ಯಾವ ಸಂಖ್ಯೆಗಳನ್ನು ಬಳಸಲಾಗಿದೆ ಎಂಬುದು ಅದರ ಮೇಲೆ ಬರೆದಿರುವುದಿಲ್ಲವಾದ್ದರಿಂದ ಎರಡು ಆಸ್ಪತ್ರೆಗಳ ನಕ್ಷೆಗಳನ್ನು ಅದರ ಆಧಾರದ ಮೇಲೆ ಹೋಲಿಸಬಾರದು.

ಡಿಎಸ್‌ಸಿ: ಇಲ್ಲಿ ಲೆಕ್ಕವೇ ಬೇರೆ

ಇಂಜೆಕ್ಷನ್ ಕೊಟ್ಟು ಮಾಡುವ ಡಿಎಸ್‌ಸಿಯನ್ನು ಹೆಚ್ಚಾಗಿ ಬಳಸುವುದು ಚಿಕಿತ್ಸೆಯ ತೀರ್ಮಾನಕ್ಕೆ, ಆದ್ದರಿಂದ ಇಲ್ಲಿ ಆಯ್ಕೆಯೂ ಸಂಶೋಧಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಪಾರ್ಶ್ವವಾಯುವಿನಲ್ಲಿ ರ್‍ಯಾಪಿಡ್ ತಂತ್ರಾಂಶಕ್ಕೆ ಇರುವ ಸ್ಥಾನ 2018ರಲ್ಲಿ ಪ್ರಕಟವಾದ ಡಿಫ್ಯೂಸ್ 3 ಪ್ರಯೋಗದಿಂದ ಗಟ್ಟಿಯಾಯಿತು. 6ರಿಂದ 16 ಗಂಟೆಗಳೊಳಗೆ ಬಂದ ರೋಗಿಗಳಲ್ಲಿ ಸತ್ತ ಭಾಗ 70 ಮಿಲಿಲೀಟರ್‌ಗಿಂತ ಕಡಿಮೆ, ಉಳಿಸಬಹುದಾದ ಭಾಗ ಕನಿಷ್ಠ 15 ಮಿಲಿಲೀಟರ್, ಹರಿವು ಕುಗ್ಗಿದ ಒಟ್ಟು ಭಾಗ ಸತ್ತ ಭಾಗದ 1.8 ಪಟ್ಟು ಅಥವಾ ಹೆಚ್ಚು ಎಂಬ ಮಾನದಂಡಗಳನ್ನು ಅಲ್ಲಿ ಬಳಸಲಾಯಿತು. ಟಿಮ್ಯಾಕ್ಸ್ ಎಂಬ ವಿಳಂಬ 6 ಸೆಕೆಂಡ್ ಮೀರಿದ ಜಾಗವನ್ನು ಹರಿವು ಕುಗ್ಗಿದ್ದೆಂದು ಹಿಡಿಯಲಾಯಿತು. ಆ 6 ಸೆಕೆಂಡ್ ಎಂಬುದು ಆ ತಂತ್ರಾಂಶ ಲೆಕ್ಕ ಹಾಕುವ ರೀತಿಗೆ ಅಂಟಿಕೊಂಡ ಗಡಿ. ಒಲಿಯಾ ಸ್ಫಿಯರ್, ಸಿಂಗೋ ವಯಾ, ಫಿಲಿಪ್ಸ್‌ನ ಇಂಟೆಲಿಸ್ಪೇಸ್ ಮುಂತಾದವುಗಳನ್ನು ಕೊಳ್ಳುವ ಆಸ್ಪತ್ರೆ, ಅದೇ ಗಡಿಯನ್ನು ಅಲ್ಲಿಗೆ ತಂದು ಹಾಕಿದರೆ ಅದೇ ಪ್ರದೇಶ ಬರುತ್ತದೆಯೇ ಎಂಬುದಕ್ಕೆ ಮಾರಾಟಗಾರರಿಂದ ಪುರಾವೆ ಕೇಳಬೇಕು. ಲೆಕ್ಕದ ವಿಧಾನ ರಕ್ತ ತಡವಾಗಿ ಬಂದರೂ ಬದಲಾಗದಂಥದ್ದೇ ಎಂದೂ ಕೇಳಬೇಕು. ಹಳೆಯ ವಿಧಾನದಲ್ಲಿ ಬರಿಯ ವಿಳಂಬವೇ ಹರಿವಿನ ಕೊರತೆಯಾಗಿ ಕಾಣುತ್ತದೆ.

ಗಡ್ಡೆಗಳ ವಿಷಯದಲ್ಲಿ ಕೇಳಬೇಕಾದ್ದು ಸೋರಿಕೆಯ ತಿದ್ದುಪಡಿ. ಗಡ್ಡೆಯ ರಕ್ತನಾಳಗಳಿಂದ ಗ್ಯಾಡೋಲಿನಿಯಂ ಹೊರಗೆ ಸೋರುವುದರಿಂದ ರಕ್ತದ ಪರಿಮಾಣ ತಪ್ಪಾಗಿ ಬರುತ್ತದೆ. ನಾರ್ಡಿಕ್‌ಐಸ್‌ನಂಥ ತಂತ್ರಾಂಶಗಳಲ್ಲಿ ಇದನ್ನು ಸರಿಪಡಿಸುವ ವ್ಯವಸ್ಥೆಯಿದೆ. 2020ರ ಒಮ್ಮತದ ಶಿಫಾರಸಿನಂತೆ 30 ಡಿಗ್ರಿಯ ಕಡಿಮೆ ಫ್ಲಿಪ್ ಕೋನದಲ್ಲಿ (ಸ್ಕ್ಯಾನರ್‌ನ ಒಂದು ಹೊಂದಿಕೆ) ಒಂದೇ ಡೋಸ್ ಕೊಟ್ಟು ತೆಗೆದಿದ್ದರೂ ಈ ತಿದ್ದುಪಡಿಯನ್ನು ಬಿಡುವಂತಿಲ್ಲ.

ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ 2020ರಿಂದ ರೋಗನಿರ್ಣಯದ ತಂತ್ರಾಂಶಗಳೂ ಬಂದಿವೆ. ಮೇಲೆ ಹೇಳಿದ ಉಚಿತ ಎಎಸ್‌ಎಲ್ ತಂತ್ರಾಂಶಗಳು ಸಂಶೋಧನೆಗೆಂದು ಬಿಡುಗಡೆಯಾದವು. ಅವುಗಳ ಸಂಖ್ಯೆಯನ್ನು ರೋಗಿಯ ವರದಿಯಲ್ಲಿ ಹಾಕುವುದು ಸರಿಯಲ್ಲ. ಮೋಡದಲ್ಲಿ, ಅಂದರೆ ದೂರದ ಸರ್ವರ್‌ನಲ್ಲಿ ಲೆಕ್ಕ ಹಾಕುವ ಸೇವೆಯಾದರೆ ಡೈಕಾಮ್ ಕಡತದಲ್ಲಿರುವ ಹೆಸರು, ಆಸ್ಪತ್ರೆಯ ಸಂಖ್ಯೆಗಳು ಹೊರಹೋಗುವ ಮುನ್ನ ಅಳಿಸಲ್ಪಡುತ್ತವೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು.

ಆಯ್ಕೆ

ಒಂದೇ ಸ್ಕ್ಯಾನರ್, ಸಾಕಷ್ಟು ಸಂಖ್ಯೆಯ ಆರೋಗ್ಯವಂತರು ಅಥವಾ ಮೆದುಳಿನ ಆಕಾರ ಹೆಚ್ಚು ಕೆಡದ ರೋಗಿಗಳು, ಲಿನಕ್ಸ್ ಬಲ್ಲ ಒಬ್ಬರಾದರೂ ತಂಡದಲ್ಲಿದ್ದರೆ ಎಎಸ್‌ಎಲ್‌ಪ್ರೆಪ್ ಅನ್ನೇ ಆರಿಸಿ. ಹಲವು ಕೇಂದ್ರಗಳ ದತ್ತಾಂಶ, ಗಾಯಗಳಿರುವ ಮೆದುಳು, ವಿಂಡೋಸ್ ಕಂಪ್ಯೂಟರ್ ಎಂದಾದರೆ ಎಕ್ಸ್‌ಪ್ಲೋರ್‌ಎಎಸ್‌ಎಲ್. ಹಲವು ಪಿಎಲ್‌ಡಿಗಳು, ರಕ್ತನಾಳದ ಕಾಯಿಲೆ, ರಕ್ತಹೀನತೆಯ ಪ್ರಶ್ನೆ, ಅಥವಾ ಪ್ರತಿ ಹಂತವನ್ನೂ ಸ್ವತಃ ಹಿಡಿತದಲ್ಲಿಟ್ಟುಕೊಳ್ಳುವ ಅಗತ್ಯವಿದ್ದರೆ ಎಫ್‌ಎಸ್‌ಎಲ್, ಆದರೆ ಬಳಸಿದ ಕಮಾಂಡ್ ಸಾಲನ್ನು ಪ್ರತಿ ಫಲಿತಾಂಶದ ಜೊತೆಗೇ ಉಳಿಸಿಟ್ಟುಕೊಂಡು. ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ, ಹರಿವಿನ ಚಿತ್ರಣಕ್ಕೆಂದೇ ಇರುವ ಒಸಿಪಿ ಎಂಬ ಅಂತಾರಾಷ್ಟ್ರೀಯ ಮುಕ್ತ ವಿಜ್ಞಾನ ತಂಡ ಈ ತಂತ್ರಾಂಶಗಳ ಪಟ್ಟಿಯನ್ನು ಇಟ್ಟಿದೆ, ಅಲ್ಲಿಂದ ಮುಂದುವರಿಯಬಹುದು.

ಯಾವುದನ್ನೇ ಆರಿಸಿದರೂ ಇಡೀ ದತ್ತಾಂಶವನ್ನು ಅದಕ್ಕೆ ಒಪ್ಪಿಸುವ ಮೊದಲು ನಿಮ್ಮದೇ ಸ್ಕ್ಯಾನರ್‌ನಿಂದ ಬಂದ ಕೆಲವು ಆರೋಗ್ಯವಂತರ ಸ್ಕ್ಯಾನ್‌ಗಳನ್ನು ಅದರಲ್ಲಿ ನಡೆಸಿ. ಬೂದು ಭಾಗದ ಸರಾಸರಿ 40ರಿಂದ 100ರೊಳಗಿದೆಯೇ, ಅದು ಬಿಳಿ ಭಾಗದ ಎರಡು ಮೂರು ಪಟ್ಟಿದೆಯೇ ಎಂದು ನೋಡಿ, ಬಳಿಕ ಒಬ್ಬರ ಸ್ಕ್ಯಾನನ್ನು ಕ್ಯಾಲ್ಕುಲೇಟರ್ ಹಿಡಿದು ಸರಳ ಸೂತ್ರದಿಂದ ನೀವೇ ಲೆಕ್ಕ ಹಾಕಿ. ತಂತ್ರಾಂಶದ ಸರಳ ಸೂತ್ರದ ಫಲಿತಾಂಶ ನಿಮ್ಮದಕ್ಕೆ ತಾಳೆಯಾಗದಿದ್ದರೆ ಯಾವ ಊಹೆ ಬೇರೆಯಾಗಿದೆ ಎಂದು ಪತ್ತೆಯಾಗುವವರೆಗೆ ಮುಂದೆ ಹೋಗಬೇಡಿ. ಸಾಮಾನ್ಯವಾಗಿ ಅದು ದಕ್ಷತೆಯಲ್ಲೋ ಹಿನ್ನೆಲೆ ತಗ್ಗಿಸುವ ಪಲ್ಸ್‌ಗಳಲ್ಲೋ ಇರುತ್ತದೆ. ಒಂದೊಂದು ಪಲ್ಸ್ ಗುರುತನ್ನು ಸುಮಾರು ಶೇ. 5ರಷ್ಟು ಕುಂದಿಸುವುದರಿಂದ ನಾಲ್ಕು ಪಲ್ಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ತಂತ್ರಾಂಶ ಮೇಲಿನ 60ರ ಜಾಗದಲ್ಲಿ 74 ಎನ್ನುತ್ತದೆ. ತಾಳೆಯಾದ ಮೇಲೆ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅಧ್ಯಯನದ ಕೊನೆಯ ಸ್ಕ್ಯಾನ್ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಮೊದಲ ಸ್ಕ್ಯಾನ್‌ನಿಂದ ಎಲ್ಲವನ್ನೂ ಮತ್ತೆ ನಡೆಸಬೇಕಾಗುತ್ತದೆ.